ಗಲ್ಲಾದಲ್ಲಿ ಅಳಿಯ, ವೀಲುನಾಮೆಯಲ್ಲಿ ಮಕ್ಕಳು

ತುಳುನಾಡಿನಿಂದ ಮುಂಬಯಿಗೆ ಬಂದು ಹೋಟೆಲು ಹಾಕಿದ ಒಬ್ಬ ಬಂಟ, ಇಲ್ಲವೇ ಬಿಲ್ಲವ, ಇಲ್ಲವೇ ಮೊಗವೀರ 1930ರ ಸುಮಾರಿಗೆ ಇಲ್ಲೇ ತೀರಿಕೊಂಡ ಎಂದಿಟ್ಟುಕೊಳ್ಳಿ. ಗಲ್ಲಾದಲ್ಲಿ ಅವತ್ತಿನ ವ್ಯಾಪಾರದ ಚಿಲ್ಲರೆ ಇದೆ. ಬ್ಯಾಂಕಿನಲ್ಲಿ ಒಂದಷ್ಟು ಠೇವಣಿ ಇದೆ. ಅಡುಗೆಮನೆಯಲ್ಲಿ ಹಂಡೆ, ಕೊಪ್ಪರಿಗೆ, ಕಡೆಯುವ ಕಲ್ಲು ಇವೆ. ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ. ಈ ಸೊತ್ತೆಲ್ಲ ಯಾರಿಗೆ ಹೋಗಬೇಕು?

ಹೆಂಡತಿಗಲ್ಲ, ಮಕ್ಕಳಿಗೂ ಅಲ್ಲ. ಅವನು ಯಾವ ಕಾಗದವನ್ನೂ ಬರೆದಿಡದೆ ಸತ್ತಿದ್ದರೆ ಅದು ಅವನ ತಾಯಿಯ ಕಡೆಗೆ, ಅಕ್ಕತಂಗಿಯರ ಕಡೆಗೆ, ಅವರ ಮಕ್ಕಳ ಕಡೆಗೆ ಹೋಗಬೇಕು. ದಕ್ಷಿಣ ಕನ್ನಡ ಜಿಲ್ಲೆಯ ಬಹುಪಾಲು ಜನರನ್ನು ಆಳುತ್ತಿದ್ದ ಅಳಿಯಸಂತಾನದ ಕಟ್ಟು ಹೇಳುತ್ತಿದ್ದುದು ಇದನ್ನೇ. ಊರು ಬಿಟ್ಟು ಬಂದ ಮಾತ್ರಕ್ಕೆ ಕಟ್ಟು ಬಿಡುತ್ತಿರಲಿಲ್ಲ. ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಹೋದ ಹಿಂದೂ ಕುಟುಂಬ ತನ್ನ ಮೂಲದ ಕಾನೂನನ್ನು ಜತೆಗೇ ಒಯ್ಯುತ್ತದೆ ಎಂಬುದು ಬ್ರಿಟಿಷ್ ಕಾಲದ ನ್ಯಾಯಾಲಯಗಳ ನಿಲುವು. ಬೇರೆಯ ಕಾನೂನನ್ನು ಒಪ್ಪಿಕೊಂಡಿದ್ದೇವೆ ಎನ್ನುವವನೇ ಅದನ್ನು ರುಜುವಾತು ಮಾಡಬೇಕಿತ್ತು. ಹೀಗೆ ಮುಂಬಯಿಯ ಹೋಟೆಲಿನ ಗಲ್ಲಾದ ಮೇಲೆ ತುಳುನಾಡಿನ ಬಾರಕೂರಿನ ಕಟ್ಟಳೆ ನಡೆಯುತ್ತಿತ್ತು.

ಇದನ್ನು ದಾಟಲು ಆ ವ್ಯಾಪಾರಿಗೆ ಇದ್ದ ದಾರಿಗಳು ಕೆಲವೇ. ಬದುಕಿರುವಾಗಲೇ ದಾನಪತ್ರ ಮಾಡಿ ಕೊಟ್ಟುಬಿಡುವುದು ಒಂದು. ಆದರೆ ಕೊಟ್ಟಮೇಲೆ ಕೈ ಖಾಲಿ, ವ್ಯಾಪಾರ ನಡೆಸುವವನಿಗೆ ಅದು ಆಗದ ಮಾತು. ಇನ್ನೊಂದು ವೀಲುನಾಮೆ. ನಮ್ಮ ಕರಾವಳಿಯವರು ಮರಣಶಾಸನಕ್ಕೆ ಹೇಳುವ ಹೆಸರು ಅದೇ. ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಬರೆದವರು ಸಂಘಗಳ ಬಗ್ಗೆ, ರಾತ್ರಿಶಾಲೆಗಳ ಬಗ್ಗೆ, ಯಕ್ಷಗಾನ ಮೇಳಗಳ ಬಗ್ಗೆ ಬರೆದಿದ್ದಾರೆ. ಬರೆಯಲೇಬೇಕಾದ್ದು ಅದು. ಆದರೆ ತುಳುನಾಡಿನ ತಂದೆಯೊಬ್ಬ ತನ್ನ ಮಕ್ಕಳಿಗೆ ಕಾನೂನಿನ ಮಟ್ಟಿಗೆ ತಂದೆಯಾದದ್ದು ಈ ಒಂದು ಕಾಗದದಲ್ಲಿ. ಹೀಗಾಗಿ ಅದರ ಚರಿತ್ರೆಯನ್ನೂ ಹೇಳಬೇಕು.

ಆ ಚರಿತ್ರೆಯನ್ನು ಮುಂಬಯಿಯ ಉಪನಗರ ವಿಕ್ರೋಳಿಯಿಂದ ಶುರುಮಾಡುವುದಕ್ಕೆ ಕಾರಣವಿದೆ. ಇದು ಪಿತ್ರಾರ್ಜಿತದ ಗುರುತು ಎಲ್ಲೆಲ್ಲೂ ಇರುವ ಊರು. 1835ರಲ್ಲಿ ಮುಂಬಯಿ ಸರ್ಕಾರ ಇಲ್ಲಿಯ ಭೂಮಿಯನ್ನು ಫ್ರಾಮ್‌ಜಿ ಕಾವಸ್‌ಜಿ ಬನಾಜಿ ಎಂಬ ಪಾರ್ಸಿ ವರ್ತಕನಿಗೆ ಶಾಶ್ವತ ಗೇಣಿಗೆ ಕೊಟ್ಟಿತು. ಪಕ್ಕದ ಪವಾಯಿಯ ಜಹಗೀರು ಅದಕ್ಕೂ ಮೊದಲೇ ಅವನ ಕೈಯಲ್ಲಿತ್ತು. ಒಂದು ಶತಮಾನ ದಾಟಿದ ಮೇಲೆ, 1943ರಿಂದಾಚೆಗೆ, ಪಿರೋಜ್‌ಶಾ ಗೋದ್ರೆಜ್ ಇಲ್ಲಿ ಜಮೀನು ಕೊಳ್ಳತೊಡಗಿದರು. ಅವರ ಅಣ್ಣ ಅರ್ದೇಶಿರ್ 1897ರಲ್ಲಿ ಲಾಲ್‌ಬಾಗಿನ ಸಣ್ಣ ಶೆಡ್ಡಿನಲ್ಲಿ ಬೀಗ ಮಾಡಲು ಕುಳಿತವರು, ಆಮೇಲೆ ತಿಜೋರಿಗೆ ಕೈಹಾಕಿದವರು. 1936ರಲ್ಲಿ ತೀರಿಕೊಂಡ ಅರ್ದೇಶಿರ್‌ಗೆ ಮಕ್ಕಳಿರಲಿಲ್ಲ. ಕಸುಬು ತಮ್ಮನ ಮನೆತನಕ್ಕೆ ಬಂತು. ಸ್ವತಂತ್ರ ಭಾರತದ ಮೊದಲ ಸಾರ್ವತ್ರಿಕ ಚುನಾವಣೆಯ ಉಕ್ಕಿನ ಮತಪೆಟ್ಟಿಗೆಗಳು ಲಕ್ಷಗಟ್ಟಲೆ ತಯಾರಾದದ್ದು ಇದೇ ವಿಕ್ರೋಳಿಯಲ್ಲಿ. 2024ರ ಏಪ್ರಿಲ್ ಕೊನೆಗೆ ಆ ಮನೆತನ ಪಾಲಾದಾಗ ವಿಕ್ರೋಳಿಯ ಭೂಮಿ ಯಾರ ಕಡೆಗೆ ಎಂಬುದು ದೇಶದ ಪತ್ರಿಕೆಗಳಿಗೆಲ್ಲ ಸುದ್ದಿಯಾಯಿತು.

ಪಾರ್ಸಿಗಳಿಗೆ 1865ರಿಂದಲೇ ತಮ್ಮದೇ ಉತ್ತರಾಧಿಕಾರದ ಕಾಯ್ದೆ ಇತ್ತು. ವೀಲು ಬರೆಯದೆ ಸತ್ತರೂ ಹೆಂಡತಿ ಮಕ್ಕಳಿಗೆ ಪಾಲು ಖಚಿತ: ಮಗನಿಗೆ ತಾಯಿಯ ಎರಡರಷ್ಟು, ತಾಯಿಗೆ ಮಗಳ ಎರಡರಷ್ಟು. ಮಗಳಿಗೆ ಅನ್ಯಾಯವೇ, ನಿಜ. ಆದರೂ ತಂದೆಯ ಸೊತ್ತು ತನ್ನ ಮನೆಯೊಳಗೇ ಇರುತ್ತಿತ್ತು.

ಕಾರಖಾನೆ ಬಂದಲ್ಲಿ ಚಹಾದಂಗಡಿ ಬರುತ್ತದೆ, ಊಟದ ಹೋಟೆಲು ಬರುತ್ತದೆ, ಕ್ಯಾಂಟೀನು ಬರುತ್ತದೆ. ವಿಕ್ರೋಳಿ ಆಗ ಮುಂಬಯಿ ನಗರಪಾಲಿಕೆಯ ಹೊರಗಿನ ಹಳ್ಳಿ. 1950ರಲ್ಲಿ ಪಾಲಿಕೆಯ ಗಡಿ ಪೂರ್ವದಲ್ಲಿ ಭಾಂಡೂಪಿನವರೆಗೆ ಚಾಚಿದಾಗ ಊರು ನಗರದೊಳಗೆ ಬಂತು. ಆಮೇಲೆ ಹೌಸಿಂಗ್ ಬೋರ್ಡಿನ ಕಾಲನಿಗಳು ಎದ್ದವು: ಟಾಗೋರ್ ನಗರ, ಕನ್ನಮ್‌ವಾರ್ ನಗರ. ಆಗ್ರಾ ರೋಡಿನ ಬದಿಯಲ್ಲೂ ಸ್ಟೇಷನ್ನಿನ ಎರಡೂ ಕಡೆಯಲ್ಲೂ ತುಳು ಮಾತಾಡುವ ಗಲ್ಲಾಗಳು ಕುಳಿತವು. ಒಂದೇ ಬೀದಿಯ ಎರಡು ಬದಿಯಲ್ಲಿ ಎರಡು ಬೇರೆ ಬೇರೆ ವಾರಸಿನ ಕಾನೂನುಗಳು ಹೀಗೆ ಎದುರುಬದುರಾಗಿ ಬಾಳಿದವು.

ಅಳಿಯಕಟ್ಟಿನ ಮೂಲಕಥೆ ಕೂಡ ಒಬ್ಬ ಸಮುದ್ರವ್ಯಾಪಾರಿಯದೇ. ದೇವಪಾಂಡ್ಯ ಹಡಗು ಕಟ್ಟಿಸಿ ಸರಕು ತುಂಬಿದ. ಕುಂಡೋದರನೆಂಬ ಭೂತ ಅದನ್ನು ತಡೆದು ನರಬಲಿ ಕೇಳಿತು. ದೇವಪಾಂಡ್ಯನ ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಕರೆತಂದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು, ಅವನೇ ಭೂತಾಳಪಾಂಡ್ಯನಾಗಿ ಬಾರಕೂರಿನಲ್ಲಿ ಆಳಿದ, ಅಂದಿನಿಂದ ಸೊತ್ತು ಮಗನಿಗಲ್ಲ, ಅಳಿಯನಿಗೆ. ಭೂತಾಳಪಾಂಡ್ಯನ ಹೆಸರಿನಲ್ಲಿರುವ ಈ ಕಟ್ಟುಕಟ್ಟಳೆಯ ಬರಹ ಹೇಳಿಕೊಳ್ಳುವಷ್ಟು ಹಳೆಯದಲ್ಲ ಎಂದು ಪಂಡಿತರು ಹತ್ತೊಂಬತ್ತನೆಯ ಶತಮಾನದಲ್ಲೇ ತೀರ್ಮಾನಿಸಿದರು. ಪದ್ಧತಿ ಮಾತ್ರ ಹಳೆಯದೇ. ಕಥೆಯನ್ನು ಕೇಳಿದವರಿಗೆ ಒಂದು ವಿಷಯ ಮರೆಯುವುದಿಲ್ಲ: ಹಡಗು ಹೊರಟಾಗ ಬೆಲೆ ತೆರಲು ಬಂದವಳು ತಂಗಿ.

ಈ ಕಟ್ಟಿನಲ್ಲಿ ಕುಟುಂಬವೆಂದರೆ ಒಬ್ಬ ಹೆಣ್ಣಿನಿಂದ ಹೆಣ್ಣುಮಕ್ಕಳ ಮೂಲಕ ಬೆಳೆದ ಸಂತತಿ. ಅದರ ಕವಲುಗಳಿಗೆ ಕವರು ಎಂದು ಹೆಸರು. ಹಿರಿಯ ಗಂಡಸು ಯಜಮಾನ, ಎಷ್ಟೋ ಕಡೆ ಹಿರಿಯ ಹೆಂಗಸೇ ಯಜಮಾನ್ತಿ. ಭೂಮಿ ಯಾರೊಬ್ಬನದೂ ಅಲ್ಲ. 1863ರಲ್ಲಿ ಮುಂಡ ಶೆಟ್ಟಿ ಮತ್ತು ತಿಮ್ಮಾಜು ಹೆಂಗಸಿನ ನಡುವಣ ವ್ಯಾಜ್ಯದಲ್ಲಿ ಮದ್ರಾಸ್ ಹೈಕೋರ್ಟು, ಕುಟುಂಬದ ಆಸ್ತಿಯನ್ನು ಪಾಲುಮಾಡಿಕೊಡಿ ಎಂದು ಯಾವ ಸದಸ್ಯನೂ ಒತ್ತಾಯಿಸುವಂತಿಲ್ಲ ಎಂದಿತು. ಗಂಡ ಇರುವಷ್ಟು ದಿನ ಹೆಂಡತಿ ಅವನ ಮನೆಯಲ್ಲಿ ಬಾಳುತ್ತಿದ್ದಳು. ಅವನು ತೀರಿಕೊಂಡ ಮೇಲೆ ಮಕ್ಕಳನ್ನು ಕರೆದುಕೊಂಡು ತನ್ನ ತಾಯಿಮನೆಗೆ ಹೋಗುತ್ತಿದ್ದಳು. ಅಲ್ಲಿ ಅವಳಿಗೆ ಹಕ್ಕಿನ ಅನ್ನವಿತ್ತು, ಯಾರ ದಯೆಯೂ ಬೇಕಿರಲಿಲ್ಲ. ಮಕ್ಕಳಿಗೆ ಸೋದರಮಾವನಿದ್ದ. ಆದುದರಿಂದ ಆ ಕಾಲದ ತಂದೆಯರಿಗೆ ಮಕ್ಕಳ ಮೇಲೆ ಕಕ್ಕುಲಾತಿ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ಅದು ತಪ್ಪು. ತನ್ನ ಮಕ್ಕಳನ್ನು ಅವರ ಮಾವ ನೋಡಿಕೊಳ್ಳುತ್ತಾನೆ, ತಾನು ತನ್ನ ಅಕ್ಕತಂಗಿಯರ ಮಕ್ಕಳನ್ನು ನೋಡಿಕೊಳ್ಳಬೇಕು ಎಂಬುದೇ ಒಪ್ಪಂದ. ಗದ್ದೆ, ತೋಟ, ಮನೆ ಎಲ್ಲವೂ ಒಂದೆರಡು ಹರದಾರಿಯೊಳಗೆ ಇದ್ದಾಗ ಆ ಒಪ್ಪಂದ ಚೆನ್ನಾಗಿ ನಡೆಯಿತು.

ಹಡಗು ಹತ್ತಿ ಮುಂಬಯಿಗೆ ಬಂದವರಲ್ಲಿ ಅದು ಸಡಿಲವಾಯಿತು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ. ಈ ವರ್ಷಗಳನ್ನು ನೋಡಿದರೇ ಜನ ಎಷ್ಟು ಬೇಗ ಬೇರುಬಿಟ್ಟರು ಎಂಬುದು ತಿಳಿಯುತ್ತದೆ. ಚಾಳಿನ ಒಂದು ಖೋಲಿಯಲ್ಲಿ ತಂದೆ, ತಾಯಿ, ಮಕ್ಕಳು. ಆ ಮಕ್ಕಳಿಗೆ ಮಾವನ ಮನೆ ಎಂದರೆ ರಜೆಗೆ ಹೋಗಿಬರುವ ಜಾಗ. ತಂದೆ ಸತ್ತ ಮರುದಿನ ಅವರನ್ನು ಮೂಲ್ಕಿಗೋ ಕಾರ್ಕಳಕ್ಕೋ ಮಾವನ ಯಜಮಾನಿಕೆಯೊಳಗೆ ಕಳಿಸುವುದೆಂದರೆ ಗುರುತಿಲ್ಲದ ಊರಿಗೆ ಕಳಿಸಿದಂತೆಯೇ. ಬಂದ ಹಣವೂ ಗದ್ದೆಯ ಹುಟ್ಟುವಳಿಯಲ್ಲ. ತಟ್ಟೆ ತೊಳೆದು, ಮೇಜು ಒರೆಸಿ, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಯಾರದೋ ಹೋಟೆಲನ್ನು ಕಂಡಕ್ಟಿಗೆ, ಅಂದರೆ ನಡೆಸುವ ಕರಾರಿನ ಮೇಲೆ, ಹಿಡಿದು, ಕೊನೆಗೆ ಸ್ವಂತದ್ದು ಎಂದು ಬೋರ್ಡು ಹಾಕಿದ ಹಣ ಅದು.

ಇಲ್ಲಿ ಇಂಗ್ಲೆಂಡಿನ ಟ್ಯೂಡರ್ ಕಾಲದ ಕಸುಬಿನವರನ್ನು ಸ್ವಲ್ಪ ನೆನೆಯಬೇಕು, ಅವರ ಅಡಚಣೆಯೂ ಇದೇ ಜಾತಿಯದು. ಹದಿನಾರನೆಯ ಶತಮಾನದ ಅಲ್ಲಿಯ ಕಮ್ಮಾರ, ದರ್ಜಿ, ಕಟುಕ, ಬೇಕರಿಯವನು ತನ್ನ ಸಾಮಾನು ಸರಂಜಾಮುಗಳನ್ನು ವೀಲಿನಲ್ಲಿ ಬರೆದುಕೊಡಬಹುದಿತ್ತು, ಭೂಮಿಯನ್ನು ನೇರವಾಗಿ ಬರೆಯುವಂತಿರಲಿಲ್ಲ. ಭೂಮಿ ಸಾಮಾನ್ಯವಾಗಿ ಹಿರಿಯ ಮಗನದು. ಎಂಟನೆಯ ಹೆನ್ರಿಯ ಕಾಲದಲ್ಲಿ, 1540ರಲ್ಲಿ, ವೀಲುಗಳ ಕಾಯ್ದೆ ಬಂದ ಮೇಲೆ ಭೂಮಿಯನ್ನೂ ಬರೆದುಕೊಡುವ ದಾರಿ ತೆರೆಯಿತು. ಲಂಡನ್ ನಗರದ ವಾಡಿಕೆಯಲ್ಲಿ ಸತ್ತವನ ಚರಸೊತ್ತು ಮೂರು ಪಾಲು: ಒಂದು ಹೆಂಡತಿಗೆ, ಒಂದು ಮಕ್ಕಳಿಗೆ, ಮೂರನೆಯದು ಮಾತ್ರ ಅವನ ಇಷ್ಟದಂತೆ. ಕಿರಿಯ ಮಗನಿಗೆ ಕಸುಬಿನ ಹತಾರ, ಮಗಳಿಗೆ ಮದುವೆಯ ಹಣ, ಹೆಂಡತಿಗೆ ಹಾಸಿಗೆ, ಹಿತ್ತಾಳೆ ಪಾತ್ರೆ, ವಾಸದ ಹಕ್ಕು, ಇವನ್ನೆಲ್ಲ ಆ ಜನ ಸಾಯುವ ಹಾಸಿಗೆಯಲ್ಲಿ ಒಂದೊಂದಾಗಿ ಹೇಳಿ ಬರೆಸುತ್ತಿದ್ದರು. ಉಳಿದುದನ್ನೆಲ್ಲ ಹೆಂಡತಿಗೆ ಬಿಟ್ಟು ಅವಳನ್ನೇ ವೀಲು ನಡೆಸುವವಳನ್ನಾಗಿ ಮಾಡುವುದು ಬಹಳ ಸಾಮಾನ್ಯವಾಗಿತ್ತು. ಕಾನೂನು ಮರೆತವರನ್ನು ತಂದೆ ಅಥವಾ ಗಂಡನಾದವನು ಬರಹದಿಂದ ನೆನೆದ ಬಗೆ ಇದು. ವ್ಯತ್ಯಾಸವೊಂದು ದೊಡ್ಡದು. ಆ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸು ತನ್ನ ಭೂಮಿಯನ್ನು ವೀಲಿನಲ್ಲಿ ಬರೆಯುವಂತಿರಲಿಲ್ಲ. ತುಳುನಾಡಿನಲ್ಲಿ ಅದೇ ಕಾಲಕ್ಕೆ ಮನೆ ನಡೆಯುತ್ತಿದ್ದುದೇ ಹೆಣ್ಣಿನ ಹೆಸರಿನಿಂದ.

ಅಳಿಯಸಂತಾನದವರಿಗೆ 1540ರಂಥ ವರ್ಷವೆಂದರೆ 1898. ಅದಕ್ಕೂ ಮುಂಚೆ 1870ರ ಹಿಂದೂ ವಿಲ್ಸ್ ಆಕ್ಟ್ ಮುಂಬಯಿ, ಮದ್ರಾಸ್ ಪಟ್ಟಣಗಳೊಳಗೆ ಮತ್ತು ಬಂಗಾಳದಲ್ಲಿ ಹಿಂದೂಗಳು ಬರೆಯುವ ವೀಲುಗಳಿಗೆ ಒಂದು ಚೌಕಟ್ಟು ಕೊಟ್ಟಿತ್ತು. ಮಂಗಳೂರು, ಉಡುಪಿ, ಕಾಸರಗೋಡು ಅದರ ಹೊರಗಿದ್ದವು. ಮಾತೃಮೂಲದವರಿಗೆ ವೀಲು ಬರೆಯುವ ಅಧಿಕಾರ ಎಷ್ಟರಮಟ್ಟಿಗೆ ಇದೆ ಎಂಬುದು ಸ್ಪಷ್ಟವಾದದ್ದು ಮದ್ರಾಸಿನ 1898ರ ಐದನೆಯ ಕಾಯ್ದೆಯಿಂದ. ಹೆಸರು ಮಲಬಾರ್ ವಿಲ್ಸ್ ಆಕ್ಟ್ ಎಂದಿದ್ದರೂ ಅದು ಕೇರಳದ ಮರುಮಕ್ಕತ್ತಾಯದವರಿಗೆ ಮಾತ್ರವಲ್ಲದೆ ಅಳಿಯಸಂತಾನದವರಿಗೂ ಅನ್ವಯಿಸಿತು. ಅದರ ಸಾರ ಇಷ್ಟೇ: ಬದುಕಿರುವಾಗ ಯಾವುದನ್ನು ದಾನವಾಗಿ ಕೊಡುವ ಹಕ್ಕು ನಿನಗಿದೆಯೋ ಅದನ್ನು ವೀಲಿನಲ್ಲೂ ಬರೆಯಬಹುದು. ಬರಹದಲ್ಲಿರಬೇಕು, ರುಜು ಇರಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು.

ಕುಟುಂಬದ ಭೂಮಿಯನ್ನು ಒಬ್ಬನೇ ದಾನ ಮಾಡುವಂತಿರಲಿಲ್ಲ, ಹಾಗಾಗಿ ಬರೆಯುವಂತೆಯೂ ಇರಲಿಲ್ಲ. ಉಳಿದದ್ದು ಸ್ವಯಾರ್ಜಿತ. ಗದ್ದೆ ಉಳುವ ಮನೆಯಲ್ಲಿ ಸ್ವಯಾರ್ಜಿತವೆಂದು ಹೇಳಿಕೊಳ್ಳುವಂಥದ್ದು ಕಡಿಮೆಯೇ. ಮುಂಬಯಿಯವನಿಗೆ ಇದ್ದುದೆಲ್ಲವೂ ಅದೇ. ಆದುದರಿಂದ ಆ ಕಾಯ್ದೆಯ ಬೆಲೆ ಊರಿನಲ್ಲಿದ್ದವರಿಗಿಂತ ಊರು ಬಿಟ್ಟವರಿಗೆ ಹೆಚ್ಚು ತಿಳಿದಿರಬೇಕು.

ಇಂಥ ವೀಲುನಾಮೆಗಳ ಧಾಟಿಯನ್ನು ಗಮನಿಸಿ. ಮೊದಲು ತಾರೀಕು, ಬರೆಸಿದವನ ಹೆಸರು, ಪ್ರಾಯ, ಕಸುಬು, ಊರಿನ ವಿಳಾಸ, ಮುಂಬಯಿಯ ವಿಳಾಸ. ಆಮೇಲೆ ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ಎಂಬ ಮಾಮೂಲು ಸಾಲು. ಅದರ ನಂತರ ಬರುವುದು ಇಡೀ ಕಾಗದದ ಜೀವಾಳ: ಕುಟುಂಬದ ಆಸ್ತಿಯಿಂದ ಯಾವ ಸಹಾಯವನ್ನೂ ಪಡೆಯದೆ ನನ್ನ ಸ್ವಂತ ದುಡಿಮೆಯಿಂದ ಸಂಪಾದಿಸಿದ್ದು ಎಂಬ ಒಕ್ಕಣೆ. ಒಬ್ಬ ವಕೀಲ ಆ ಸಾಲನ್ನು ಬಿಟ್ಟುಬಿಟ್ಟರೆ ಮುಂದಿನ ವ್ಯಾಜ್ಯಕ್ಕೆ ಬಾಗಿಲು ತೆರೆದ ಹಾಗೆಯೇ. ಹಡಗಿನ ಟಿಕೇಟಿಗೆ ದುಡ್ಡು ಕೊಟ್ಟವಳು ಅಕ್ಕನೋ, ಹೋಟೆಲಿನ ಮೊದಲ ಬಂಡವಾಳಕ್ಕೆ ಕುಟುಂಬದ ಅಡಕೆ ಮಾರಿದ ಹಣ ಬಂದಿತ್ತೋ ಎಂದು ಊರಿನವರು ಎತ್ತಿದರೆ, ಸ್ವಯಾರ್ಜಿತವೆಂಬ ಮಾತೇ ಅಲ್ಲಾಡುತ್ತಿತ್ತು. ಬರೆಸಿದವನು ತನ್ನ ಕುಟುಂಬದ ಯಜಮಾನನೂ ಆಗಿದ್ದರೆ ಇನ್ನೂ ಕಷ್ಟ. ಕೈಯಲ್ಲಿ ಕುಟುಂಬದ ಹಣ ಇದ್ದವನು ಗಳಿಸಿದ್ದು ಕುಟುಂಬಕ್ಕೇ ಸೇರಿದ್ದು ಎಂದು ನ್ಯಾಯಾಲಯ ಊಹಿಸುವ ಸಾಧ್ಯತೆ ಹೆಚ್ಚು. ಆಮೇಲೆ ಪಟ್ಟಿ: ಇಂಥ ಬ್ಯಾಂಕಿನ ಠೇವಣಿ, ಇಂಥ ಪಾಲುದಾರಿಕೆಯಲ್ಲಿ ಇಷ್ಟಾಣೆ ಪಾಲು, ಪಾತ್ರೆ ಪರಡಿ, ಊರಿನಲ್ಲಿ ಸ್ವಂತ ಹಣದಿಂದ ಕೊಂಡ ಜಾಗ. ಕೊನೆಗೆ ಸಾಕ್ಷಿಗಳ ರುಜು ಮತ್ತು ಬರೆದವನ ಬಿಕ್ಕಲಂ.

ವೀಲಿಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಬರೆಸಿದವನು ಯಾವುದೇ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಅದನ್ನು ಹಾಜರುಪಡಿಸಬಹುದು. ನಕಲು ಅಲ್ಲಿಯ ಮೂರನೆಯ ನಂಬ್ರದ ಪುಸ್ತಕದಲ್ಲಿ ಇಳಿಯುತ್ತದೆ. ಬೇಕಾದರೆ ಮೊಹರು ಹಾಕಿದ ಲಕೋಟೆಯಲ್ಲಿ ಜಿಲ್ಲಾ ರಿಜಿಸ್ಟ್ರಾರರ ಬಳಿ ಠೇವಣಿ ಇಡಬಹುದು. ಊರಿನ ಯಜಮಾನನಿಗೆ ಗೊತ್ತಾಗದಂತೆ ಮುಂಬಯಿಯವನು ಮನಸ್ಸಿನ ಮಾತನ್ನು ಭದ್ರಪಡಿಸಲು ಇದಕ್ಕಿಂತ ಒಳ್ಳೆಯ ಏರ್ಪಾಡು ಇರಲಿಲ್ಲ. ಮುಂಬಯಿ ನಗರದೊಳಗೆ ಬರೆದ ಹಿಂದೂ ವೀಲಿಗೆ ಹೈಕೋರ್ಟಿನ ಪ್ರೊಬೇಟು ಬೇಕಿತ್ತು. ಅದು ಖರ್ಚಿನ ದಾರಿ. ಸಾಕ್ಷಿ, ರುಜುಗಳ ನಿಯಮ ದೇಶದ ಎಲ್ಲ ಹಿಂದೂಗಳ ವೀಲಿಗೂ ಒಂದೇ ಆದದ್ದು 1927ರ ಜನವರಿಯಿಂದ.

ಇನ್ನೊಂದು ಹತಾರವೂ ಅವರ ಕೈಗೆ ಬಂತು, ಜೀವವಿಮೆ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಆರನೆಯ ಕಲಮು, ಗಂಡ ತನ್ನ ಜೀವದ ಮೇಲೆ ಹೆಂಡತಿ ಮಕ್ಕಳ ಹಿತಕ್ಕೆಂದು ಮಾಡಿಸಿದ ಪಾಲಿಸಿಯನ್ನು ಅವರ ಹೆಸರಿನ ಟ್ರಸ್ಟು ಎಂದೇ ಪರಿಗಣಿಸುತ್ತದೆ. ಸಾಲ ಕೊಟ್ಟವರಿಗೂ ಸಿಗದು, ಅವನ ಆಸ್ತಿಯೊಳಗೂ ಸೇರದು. 1923ರ ತಿದ್ದುಪಡಿ ಇದನ್ನು ಹಿಂದೂಗಳಿಗೆ ಸ್ಪಷ್ಟವಾಗಿ ವಿಸ್ತರಿಸಿತು. ಅದೇ ಕಾಲಕ್ಕೆ ಕರಾವಳಿಯ ಬ್ಯಾಂಕುಗಳೂ ಬೆಳೆದವು. ಎ.ಬಿ. ಶೆಟ್ಟರ ವಿಜಯಾ ಬ್ಯಾಂಕು ಮಂಗಳೂರಿನಲ್ಲಿ ಶುರುವಾದದ್ದು 1931ರಲ್ಲಿ. ಪಾಸ್‌ಪುಸ್ತಕದಲ್ಲಿ ಒಬ್ಬನ ಹೆಸರಿನಲ್ಲಿ ಕುಳಿತ ಹಣ ಕುಟುಂಬದ ಕಣಜದ ಭತ್ತದಂತಲ್ಲ. ಅದಕ್ಕೆ ಒಡೆಯ ಒಬ್ಬನೇ, ಬರೆದುಕೊಡಲೂ ಸುಲಭ.

ಆದರೆ ಹೋಟೆಲು? ವ್ಯಾಪಾರಿಯ ಪ್ರಾಣವೆಲ್ಲ ಇರುವುದು ಆ ಜಾಗದಲ್ಲಿ. ಅದು ಸಾಮಾನ್ಯವಾಗಿ ಸ್ವಂತದ್ದಲ್ಲ, ಪಗಡಿ ಕೊಟ್ಟು ಹಿಡಿದ ಬಾಡಿಗೆ ಜಾಗ. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯ್ದೆ, ಬಾಡಿಗೆದಾರ ಸತ್ತಾಗ ಅವನ ಜತೆ ವಾಸವಿದ್ದ ಮನೆಯವರಿಗೆ ಬಾಡಿಗೆ ಹಕ್ಕನ್ನು ಕೊಟ್ಟಿತು. 1978ರ ತಿದ್ದುಪಡಿ ವ್ಯಾಪಾರದ ಜಾಗವನ್ನು ಪ್ರತ್ಯೇಕವಾಗಿ ಹೆಸರಿಸಿ, ಸಾಯುವ ಹೊತ್ತಿನಲ್ಲಿ ಬಾಡಿಗೆದಾರನ ಜತೆ ಅದೇ ಜಾಗದಲ್ಲಿ ವ್ಯಾಪಾರ ನಡೆಸುತ್ತಿದ್ದ ಕುಟುಂಬದ ಸದಸ್ಯನಿಗೆ ಹಕ್ಕು ಎಂದಿತು. ಈ ಕಾಯ್ದೆಯ ಕೆಳಗಿನ ಬಾಡಿಗೆ ಹಕ್ಕನ್ನು ವೀಲಿನ ಮೂಲಕ ಬರೆದುಕೊಡಲಾಗದು ಎಂದು ಸುಪ್ರೀಂ ಕೋರ್ಟು 1994ರಲ್ಲಿ ತೀರ್ಪು ಕೊಟ್ಟಿತು.

ಈಗ ವಿಕ್ರೋಳಿಯ ಒಂದು ಹೋಟೆಲಿನ ಒಳಗೆ ಬನ್ನಿ. ಮಾಲೀಕನ ಮಗ ಕಾಲೇಜಿಗೆ ಹೋಗುತ್ತಾನೆ, ಮಗಳು ಊರಿನಲ್ಲಿ ಓದುತ್ತಿದ್ದಾಳೆ. ಬೆಳಗಿನ ಜಾವ ಹಾಲಿನವನ ಲೆಕ್ಕ ನೋಡಿ, ಭಟ್ಟರಿಗೆ ಉದ್ದು ಅಕ್ಕಿ ಅಳೆದುಕೊಟ್ಟು, ರಾತ್ರಿ ಶಟರು ಎಳೆಯುವವರೆಗೆ ಗಲ್ಲಾದಲ್ಲಿ ಕೂರುವವನು ಅಕ್ಕನ ಮಗ. ಹತ್ತು ಹನ್ನೆರಡರ ಪ್ರಾಯದಲ್ಲಿ ಊರಿನಿಂದ ಮಾವನೇ ಕರೆತಂದ ಹುಡುಗ ಅವನು. ಗಿರಾಕಿಗಳಿಗೆ ಮಾಲೀಕನ ಮುಖಕ್ಕಿಂತ ಅವನ ಮುಖ ಹೆಚ್ಚು ಪರಿಚಿತ. ಮಾವ ಸತ್ತಾಗ ವೀಲುನಾಮೆ ಪಾತ್ರೆಯನ್ನೂ ಠೇವಣಿಯನ್ನೂ ಮಕ್ಕಳಿಗೆ ಕೊಡುತ್ತದೆ. ಬಾಡಿಗೆಯ ಕಾನೂನು ಜತೆಯಲ್ಲಿ ಕುಳಿತು ವ್ಯಾಪಾರ ಮಾಡಿದವನು ಯಾರು ಎಂದು ಕೇಳುತ್ತದೆ. ಭೂತಾಳಪಾಂಡ್ಯನ ಕಟ್ಟಳೆ ಕೊಡುತ್ತಿದ್ದುದನ್ನು ಬಾಡಿಗೆ ಕಾಯ್ದೆ ಬೇರೊಂದು ಬಾಗಿಲಿನಿಂದ ಅಳಿಯನ ಮುಂದೆ ತಂದಿಟ್ಟಿತು. ಕುಟುಂಬದ ಸದಸ್ಯ ಎಂಬುದಕ್ಕೆ ಅಕ್ಕನ ಮಗ ಸೇರುತ್ತಾನೆಯೇ ಎಂಬುದನ್ನು ಮುಂಬಯಿಯ ವಕೀಲರು ವಾದಿಸಬಹುದು. ನಮ್ಮ ಕಡೆಯವರಿಗೆ ಅದು ಪ್ರಶ್ನೆಯ ರೂಪದಲ್ಲಿ ಹೊಳೆಯುವುದೇ ಇಲ್ಲ.

ಇಲ್ಲಿ ನನ್ನ ಅಭಿಪ್ರಾಯವನ್ನು ಬಿಚ್ಚಿ ಹೇಳಬೇಕು. ಮಕ್ಕಳ ಹೆಸರಿಗೆ ಬರೆದ ತಂದೆಯನ್ನು ಸುಧಾರಕ ಎನ್ನುವುದೂ ಗಲ್ಲಾದಲ್ಲಿದ್ದ ಅಳಿಯನನ್ನು ಆಸೆಬುರುಕ ಎನ್ನುವುದೂ ನನಗೆ ಒಪ್ಪಿಗೆಯಿಲ್ಲ. ಅಳಿಯನ ಪ್ರಾಯವೆಲ್ಲ ಆ ಗಲ್ಲಾದಲ್ಲಿ ಹೋಯಿತು. ಅವನಿಗೆ ಸಂಬಳವೆಂದು ನಿಗದಿಯಾಗಿ ಏನೂ ಇರಲಿಲ್ಲ, ಮಾವನದು ಮುಂದೆ ತನ್ನದೇ ಎಂಬ ನಂಬಿಕೆಯೇ ಅವನ ಸಂಬಳ. ಊರಿನಲ್ಲಿ ಕುಟುಂಬದ ಮನೆ ಕಾಯ್ದು, ಗೇಣಿ ವಸೂಲಿ ಮಾಡಿಸಿ, ಭೂತದ ಕೋಲಕ್ಕೆ ಎಣ್ಣೆ ಬತ್ತಿ ಹೊಂದಿಸಿ, ತಮ್ಮನ ಪಾಲಿನ ಹೊಣೆಯನ್ನೂ ಹೊತ್ತ ಅಕ್ಕನಿಗೆ ವೀಲುನಾಮೆಯಲ್ಲಿ ಒಂದು ಸಾಲೂ ಇಲ್ಲದೆ ಹೋದದ್ದುಂಟು. ಹೆಂಡತಿಗೂ ಮಕ್ಕಳಿಗೂ ನ್ಯಾಯ ಸಿಗಬೇಕಿತ್ತು, ಸಿಕ್ಕಿತು. ಆ ನ್ಯಾಯದ ಖರ್ಚಿನಲ್ಲಿ ಒಂದು ಭಾಗ ಅಕ್ಕತಂಗಿಯರ ಲೆಕ್ಕಕ್ಕೆ ಬಿತ್ತು ಎಂಬುದನ್ನೂ ಚರಿತ್ರೆ ಬರೆಯುವವರು ಬರೆಯಬೇಕು. ವೀಲು ಬರೆಯುವಾಗ ಅಕ್ಕನಿಗೆ ಜೀವನಾಂಶ, ಅಳಿಯನಿಗೆ ಹೋಟೆಲಿನಲ್ಲಿ ಪಾಲು, ಉಳಿದದ್ದು ಮಕ್ಕಳಿಗೆ ಎಂದು ಹಂಚುವುದಕ್ಕೆ ಕಾನೂನಿನ ಅಡ್ಡಿ ಏನೂ ಇರಲಿಲ್ಲ. ಟ್ಯೂಡರ್ ಕಾಲದ ಕಸುಬಿನವರು ತಮ್ಮ ಬಳಿ ಕೆಲಸ ಕಲಿತ ಹುಡುಗನಿಗೂ ಒಂದು ಹತಾರ ಬಿಟ್ಟು ಹೋದದ್ದುಂಟು.

ಮುಂದಿನ ಘಟ್ಟಗಳು ಬೇಗ ಬೇಗ ಬಂದವು. ಮದ್ರಾಸಿನ 1949ರ ಅಳಿಯಸಂತಾನ ಕಾಯ್ದೆ ಮದುವೆ, ಜೀವನಾಂಶ, ಉತ್ತರಾಧಿಕಾರ, ಪಾಲು ಎಲ್ಲಕ್ಕೂ ಕೈಹಾಕಿತು. 1863ರಿಂದ ಮುಚ್ಚಿದ್ದ ಪಾಲಿನ ಬಾಗಿಲು ತೆರೆಯಿತು. ಆದರೆ ಹೆಣ್ಣುಸಂತತಿ ಮುಂದುವರಿಯದ ಕವರಿಗೆ, ಅಂದರೆ ನಿಸ್ಸಂತತಿ ಕವರಿಗೆ, ಸಿಕ್ಕ ಪಾಲು ಜೀವಮಾನದ ಅನುಭೋಗಕ್ಕೆ ಮಾತ್ರ. ಅಕ್ಕತಂಗಿಯರಿಲ್ಲದ ಗಂಡಸಿಗೆ ಸ್ವಂತ ಮಕ್ಕಳು ಹತ್ತು ಇದ್ದರೂ ಆ ಲೆಕ್ಕದಲ್ಲಿ ಅವನು ನಿಸ್ಸಂತತಿಯೇ.

1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂತು. ಅದರ 7ನೆಯ ಕಲಮು ಅಳಿಯಸಂತಾನದವರನ್ನು ಹೆಸರು ಹಿಡಿದು ಕರೆಯಿತು: ಇನ್ನು ಮುಂದೆ ಕುಟುಂಬ ಅಥವಾ ಕವರಿನಲ್ಲಿ ಹಕ್ಕುಳ್ಳವರು ಸತ್ತರೆ ಆ ಹಕ್ಕು ಈ ಕಾಯ್ದೆಯ ಪ್ರಕಾರವೇ ಇಳಿಯುತ್ತದೆ. 30ನೆಯ ಕಲಮಿನ ವಿವರಣೆ ಇನ್ನೂ ಮುಂದೆ ಹೋಗಿ, ಅವಿಭಕ್ತ ಕುಟುಂಬದಲ್ಲಿರುವ ಪಾಲನ್ನೂ ವೀಲಿನಲ್ಲಿ ಬರೆಯಬಹುದು ಎಂದಿತು. 1898ರಲ್ಲಿ ಸ್ವಂತ ದುಡಿಮೆಗೆ ಮಾತ್ರ ಸಿಕ್ಕಿದ್ದ ಸ್ವಾತಂತ್ರ್ಯ ಹೀಗೆ ಹಿರಿಯರ ಭೂಮಿಗೂ ಬಂತು. ಅದೇ ವರ್ಷ ನವೆಂಬರ್ 1ಕ್ಕೆ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿ, ಕಾಸರಗೋಡು ಕೇರಳದ ಪಾಲಾಯಿತು. ಒಂದೇ ಕುಟುಂಬದ ಕವರುಗಳು ಎರಡು ರಾಜ್ಯಗಳಲ್ಲಿ ಹಂಚಿಹೋದವು.

ಉತ್ತರಾಧಿಕಾರದ ಈ ಬದಲಾವಣೆ ಎಷ್ಟು ದೂರ ಮುಟ್ಟುತ್ತದೆ ಎಂಬ ವಾದ ದೆಹಲಿಯವರೆಗೆ ಹೋಯಿತು. 1973ರ ಜಲಜಾ ಶೆಡ್ತಿ ಮತ್ತು ಲಕ್ಷ್ಮೀ ಶೆಡ್ತಿ ಪ್ರಕರಣದಲ್ಲಿ, ಆಮೇಲೆ 1979ರಲ್ಲಿ ಸುಂದರಿ ಮತ್ತು ಲಕ್ಷ್ಮಿ ಪ್ರಕರಣದಲ್ಲಿ, ಕವರಿನ ಪಾಲು ಹೊಸ ಕಾಯ್ದೆಯ ಕೆಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಗಂಡಸು ಅದನ್ನು ವೀಲಿನಲ್ಲಿ ಬಿಟ್ಟುಕೊಡಬಹುದು. ಈ ಪ್ರಕರಣಗಳ ಹೆಸರುಗಳನ್ನು ನೋಡಿ, ಎರಡೂ ಕಡೆ ಹೆಂಗಸರೇ. ಬೇರೆ ಕಡೆಯ ಆಸ್ತಿ ವ್ಯಾಜ್ಯಗಳಲ್ಲಿ ಇದು ಅಪರೂಪ.

ಅಷ್ಟು ಹೊತ್ತಿಗೆ ಊರಿನ ಭೂಮಿಯೇ ಕರಗತೊಡಗಿತ್ತು. 1974ರ ಮಾರ್ಚ್ 1ರಿಂದ ಕರ್ನಾಟಕದ ಭೂಸುಧಾರಣೆ ಗೇಣಿಯ ಗದ್ದೆಗಳನ್ನು ಉಳುವವರ ಕಡೆಗೆ ತಿರುಗಿಸಿತು. ಎಷ್ಟೋ ಗುತ್ತಿನ ಮನೆಗಳಿಗೆ ಮನೆಯ ಅಡಿಸ್ಥಳವೂ ಕುಮ್ಕಿಯೂ ದೈವದ ಚಾವಡಿಯೂ ಮಾತ್ರ ಉಳಿದವು. ಮನೆತನದ ಜೀವ ಉಳಿಸಿದ್ದು ಮುಂಬಯಿಯ ಹೋಟೆಲಿನಿಂದ ಹೋದ ಮನಿಯಾರ್ಡರು. ಒಂದು ಕಾಲದಲ್ಲಿ ಕುಟುಂಬದ ಅಡಕೆಯ ಹಣ ಹೋಟೆಲಿಗೆ ಬಂದಿತ್ತೇ ಎಂದು ಊರಿನವರು ಮುಂಬಯಿಯವನನ್ನು ಕೇಳುತ್ತಿದ್ದರು. ಈಗ ಹೋಟೆಲಿನ ಹಣದಿಂದ ಕುಟುಂಬದ ಮನೆಗೆ ಹೆಂಚು ಹೊದೆಸುವ ದಿನ ಬಂತು, ಅದರ ಲೆಕ್ಕವನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ವಿಕ್ರೋಳಿ, ಘಾಟ್‌ಕೋಪರ್, ಮಾಟುಂಗ, ಫೋರ್ಟಿನ ಹಳೆಯ ಹೋಟೆಲುಗಳು ಒಂದೊಂದಾಗಿ ಮುಚ್ಚುತ್ತಿವೆ, ಚಾಳುಗಳು ಕೆಡವಿ ಗೋಪುರಗಳಾಗುತ್ತಿವೆ. ಮನೆ ಬದಲಿಸುವಾಗ ಹಳೆಯ ಟ್ರಂಕಿನ ಕಾಗದಗಳು ರದ್ದಿಗೆ ಹೋಗುತ್ತಿವೆ. ನಿಮ್ಮ ಮನೆಯಲ್ಲಿ ಅಜ್ಜನದೋ ಮುತ್ತಜ್ಜನದೋ ವೀಲುನಾಮೆ ಇದ್ದರೆ ದಯವಿಟ್ಟು ಎಸೆಯಬೇಡಿ. ಆಸ್ತಿ ಎಂದೋ ಹಂಚಿಹೋಗಿರಬಹುದು, ವ್ಯಾಜ್ಯ ಮುಗಿದಿರಬಹುದು. ಆದರೆ ಯಾರ ಹೆಸರು ಮೊದಲು ಬಂದಿದೆ, ಅಕ್ಕನಿಗೆ ಏನು ಬಿಟ್ಟಿದ್ದಾರೆ, ಅಳಿಯನ ಬಗ್ಗೆ ಯಾವ ಮಾತು ಇದೆ, ಸಾಕ್ಷಿ ಹಾಕಿದವರು ಯಾವ ಜಾತಿಯವರು, ಯಾವ ಹೋಟೆಲಿನವರು ಎಂಬುದೆಲ್ಲ ಆ ಎರಡು ಹಾಳೆಯಲ್ಲಿ ಇರುತ್ತದೆ. ಮೂಲ ಪ್ರತಿ ಸಿಗದಿದ್ದರೆ, ನೋಂದಣಿಯಾದ ವೀಲಿನ ನಕಲು ಸಬ್‌ರಿಜಿಸ್ಟ್ರಾರ್ ಕಚೇರಿಯ ಮೂರನೆಯ ಪುಸ್ತಕದಲ್ಲಿದೆ. ಬರೆಸಿದವರು ತೀರಿಕೊಂಡ ಮೇಲೆ ಅರ್ಜಿ ಕೊಟ್ಟು ಪಡೆಯಬಹುದು. ಒಂದು ಪ್ರತಿಯನ್ನು ನಿಮ್ಮ ಸಂಘಕ್ಕೋ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೋ ಕೊಡಿ.